ಹೊಗೆ ಮೇಸ್ತ್ರಿಯ ಮೂಗು

ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹೊಗೆ ಮೂಸುವವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ನಮ್ಮಪ್ಪ ಕೇಳಿದ್ದರು. ಕೊನೆಗೆ ಕೊಟ್ಟವರು ಅವರೇ. ಅಪ್ಪನ ವ್ಯಾನು ಆಗ ಬೆಳಗಾದರೆ ಸಾಕು, ಬೆಳ್ಳನೆಯ ಹೊಗೆ ಉಗುಳುತ್ತಿತ್ತು. ಕಂಡ ಕಂಡ ಗ್ಯಾರೇಜಿನವರೆಲ್ಲ ಎಂಜಿನ್ ಬಿಚ್ಚಲೇಬೇಕು ಎಂದು ಹೆದರಿಸಿದ್ದರು. ಈ ಮನುಷ್ಯ ಮಾತ್ರ ಹೊಗೆಕೊಳವೆಯ ಬಾಯಿಗೆ ಬಿಳಿ ಕರವಸ್ತ್ರ ಹಿಡಿದು, ಅದನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಒಮ್ಮೆ ಎಳೆದುಕೊಂಡು, "ಇದು ಬರೀ ಹಬೆ ಯಜಮಾನ್ರೇ. ಚಳೀಲಿ ನಿಮ್ಮ ಬಾಯಿಂದಾನೂ ಬರುತ್ತೆ. ಅದಕ್ಕೆ ಆಪರೇಷನ್ ಮಾಡಿಸ್ಕೊಂಡ್ರಾ?" ಎಂದರು. ಅಂದು ಉಳಿದ ಎಂಜಿನ್ನಿಗೆ ಪ್ರತಿಯಾಗಿ ಅಪ್ಪ ನಿನ್ನನ್ನು ಕೊಟ್ಟರು ಎಂದು ನಾನು ಅಕ್ಕನನ್ನು ಈಗಲೂ ರೇಗಿಸುತ್ತೇನೆ. ಅವಳು ಸೌಟು ಎತ್ತುತ್ತಾಳೆ.

ಊರಿಗೆಲ್ಲ ಅವರು ಹೊಗೆ ಮೇಸ್ತ್ರಿ, ನನಗೆ ಭಾವ. ರಸ್ತೆಯ ಆ ಬದಿಗೆ ತಗಡಿನ ಮಾಡಿನ ಅವರ ಗ್ಯಾರೇಜು, ಈ ಬದಿಗೆ ಬಿಡಿಭಾಗಗಳ ನನ್ನ ಅಂಗಡಿ. ಮೆಕ್ಯಾನಿಕ್ ಭಾವನ ಎದುರಿಗೇ ಅಂಗಡಿ ಇಟ್ಟಿದ್ದೀಯ, ಅದೃಷ್ಟವಂತ ಎಂದು ಎಲ್ಲರೂ ಹೊಟ್ಟೆಕಿಚ್ಚು ಪಡುತ್ತಿದ್ದರು. ಅವರಿಗೇನು ಗೊತ್ತು! ಇರುವ ಭಾಗವನ್ನೇ ಒರೆಸಿ, ತಿಕ್ಕಿ, ಬಿಗಿ ಮಾಡಿ ಗಾಡಿ ಕಳಿಸುವ ಮನುಷ್ಯನಿಂದ ಅಂಗಡಿಯವನಿಗೆ ಏನು ಸಿಗುತ್ತದೆ? ಬೆಳಗಿನ ಒಂದು ಲೋಟ ಚಹಾ, ಅದೂ ನಾನೇ ತರಿಸಿದ್ದು.

ಅವರ ಕೆಲಸಕ್ಕೊಂದು ಕಟ್ಟುನಿಟ್ಟು ಇತ್ತು. ಹೊಗೆಯ ದೂರು ಹೊತ್ತು ಬಂದ ಗಾಡಿಯನ್ನು ಸಂಜೆಯೇ ಬಿಟ್ಟು ಹೋಗಬೇಕು. ರಾತ್ರಿಯೆಲ್ಲ ಅದು ತಣ್ಣಗೆ ನಿಂತಿರಬೇಕು. ಬೆಳಗ್ಗೆ ಮೊದಲ ಸಲ ಶುರು ಮಾಡುವಾಗ ಭಾವ ಹಿಂದೆ ಕೂತಿರಬೇಕು. "ಬಿಸಿ ಎಂಜಿನ್ನು ಸುಳ್ಳು ಹೇಳುತ್ತೆ ಕಣಯ್ಯಾ. ಈಗಷ್ಟೇ ನಿದ್ದೆಯಿಂದ ಎದ್ದವನಿಗೆ ಸುಳ್ಳು ಹೊಳೆಯಲ್ಲ" ಎನ್ನುತ್ತಿದ್ದರು. ನೀಲಿ ಛಾಯೆ ಇದ್ದು ಸುಟ್ಟೆಣ್ಣೆಯ ಕಮಟು ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿಸಿಹಿ ವಾಸನೆ ಬಂದರೆ ರೇಡಿಯೇಟರಿನ ನೀರು ಒಳಗೆ ಸೋರುತ್ತಿದೆ. ಕರಿ ಹೊಗೆ ಕಣ್ಣು ಕುಟುಕುವ ಹಸಿ ಪೆಟ್ರೋಲಿನ ಘಾಟು ಹೊಡೆದರೆ ಗಾಡಿ ಮಿತಿಮೀರಿ ಕುಡಿಯುತ್ತಿದೆ. ಬಣ್ಣವನ್ನು ನಾನೂ ನೋಡಬಲ್ಲೆ, ನೀವೂ ನೋಡಬಲ್ಲಿರಿ. ಆದರೆ ಒಂದೇ ಕರಿ ಹೊಗೆಯಲ್ಲಿ ನಾಲ್ಕು ಬಗೆಯ ಘಾಟು ಬೇರೆ ಮಾಡುತ್ತಿದ್ದ ಮೂಗು ಅವರೊಬ್ಬರದೇ.

ಆಮೇಲೆ ಸೆನ್ಸರಿನ ಕಾಲ ಬಂತು. ಹೊಗೆಕೊಳವೆಯೊಳಗೆ ತಲೆ ತೂರಿಸಿಕೊಂಡು ಕೂರುವ, ಹೆಬ್ಬೆರಳುದ್ದದ ಒಂದು ವಸ್ತು ಅದು. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡಿ ಎಂಜಿನ್ನಿನ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಅದು 'ಗಾಳಿ ಜಾಸ್ತಿ' ಎಂದರೆ ಕಂಪ್ಯೂಟರು ಪೆಟ್ರೋಲು ಹೆಚ್ಚಿಸುತ್ತದೆ, 'ಗಾಳಿ ಕಮ್ಮಿ' ಎಂದರೆ ಇಳಿಸುತ್ತದೆ. ಏನಾದರೂ ಹೆಚ್ಚುಕಮ್ಮಿಯಾದರೆ ಡ್ರೈವರನ ಮುಂದೆ ಹಳದಿ ದೀಪ ಹತ್ತುತ್ತದೆ. ಉಳಿದ ಗ್ಯಾರೇಜಿನವರು ದೀಪ ಕಂಡ ಕೂಡಲೇ ನನ್ನ ಅಂಗಡಿಗೆ ಓಡಿ ಬಂದು ಹೊಸ ಸೆನ್ಸರ್ ಒಯ್ಯುತ್ತಿದ್ದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಭಾವ ಮಾತ್ರ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜನ. ಅದು ಹೇಳೋದನ್ನ ಮೊದಲು ಕೇಳಬೇಕು, ಹೇಳಿದವನ ಕತ್ತು ಹಿಸುಕಿದ್ರೆ ಏನು ಬಂತು?" ಎನ್ನುತ್ತಾ ಗಾಡಿಯ ಕೆಳಗೆ ತೂರುತ್ತಿದ್ದರು. ಹತ್ತರಲ್ಲಿ ಒಂದು ಗಾಡಿಗೂ ಅವರು ಹೊಸ ಸೆನ್ಸರ್ ಹಾಕಿದವರಲ್ಲ.

ಹೀಗಿದ್ದ ಮನುಷ್ಯ ಒಂದು ಮಳೆಗಾಲದಲ್ಲಿ ಜ್ವರ ಹಿಡಿದು ಮಲಗಿದರು. ಎದ್ದಾಗ ಕೆನ್ನೆ ಇಳಿದಿತ್ತು. ಉಳಿದಂತೆ ಎಲ್ಲ ಸರಿಯಾದ ಹಾಗೇ ಕಂಡಿತು. ಅದೇ ಸಮಯಕ್ಕೆ ಅವರ ಮಗಳು, ಅಂದರೆ ನನ್ನ ಸೊಸೆ, ಹೆತ್ತಳು. ಹೆಣ್ಣು ಮಗು. ಮನೆಯ ಗದ್ದಲದಲ್ಲಿ ಭಾವನ ಕಡೆ ಯಾರ ಗಮನವೂ ಇರಲಿಲ್ಲ.

ಗ್ಯಾರೇಜಿನಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಭಾವ ಕರವಸ್ತ್ರವನ್ನು ಹೊಗೆಗೆ ಹಿಡಿದು, ತಾವು ಮೂಸದೆ, ಗಾಡಿಯ ಮಾಲೀಕನ ಮುಖಕ್ಕೇ ಹಿಡಿಯತೊಡಗಿದರು. "ಏನು ವಾಸನೆ ಹೇಳಿ ನೋಡೋಣ. ನಿಮ್ಮ ಗಾಡಿ, ನಿಮಗೇ ಗೊತ್ತಾಗಬೇಕು." ಮಾಲೀಕರಿಗೋ ಪರಮಾನಂದ. ಮೇಸ್ತ್ರಿ ವಿದ್ಯೆ ಹೇಳಿಕೊಡುತ್ತಿದ್ದಾರೆ ಎಂದು ಮೂಗು ಅರಳಿಸಿ ಮೂಸುವುದೇನು, ತಲೆ ಆಡಿಸುವುದೇನು! ನಾನು ಎದುರಿನಿಂದ ನೋಡಿ ನಗುತ್ತಿದ್ದೆ. ಮುದುಕನಾಗುತ್ತ ಬಂದ ಹಾಗೆ ಮನುಷ್ಯ ಮೇಷ್ಟ್ರಾಗುತ್ತಾನೆ ಎಂದುಕೊಂಡೆ.

ಮತ್ತೊಂದು ಬದಲಾವಣೆ ನನ್ನ ಗಲ್ಲಾಪೆಟ್ಟಿಗೆಗೆ ತಿಳಿಯಿತು. ಭಾವ ಸೆನ್ಸರ್ ಕೊಳ್ಳತೊಡಗಿದರು. "ಏನು ಭಾವ, ಎಮ್ಮೆಗೆ ಬರೆ ಹಾಕೋಕೆ ಶುರು ಮಾಡಿದ್ರಾ?" ಎಂದು ಕೆಣಕಿದರೆ ಮೊದಲಿನ ಹಾಗೆ ತಿರುಗಿ ಬೀಳಲಿಲ್ಲ. ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು. ಒಂದು ಬೆಳಗ್ಗೆ ಚಹಾದ ಹಾಲು ಒಡೆದು ಹುಳಿ ನಾರುತ್ತಿತ್ತು. ನಾನು ಮೊದಲ ಗುಟುಕನ್ನೇ ಚರಂಡಿಗೆ ಉಗಿದೆ. ಭಾವ ಲೋಟ ತಳ ಕಾಣುವವರೆಗೆ ಕುಡಿದು ಬಾಯಿ ಒರೆಸಿಕೊಂಡರು. ಅಕ್ಕನ ಕೈಯ ಅಡುಗೆ ತಿಂದು ತಿಂದು ನಾಲಿಗೆ ಸತ್ತಿದೆ ಎಂದು ತಮಾಷೆ ಮಾಡಿದೆ. ಮನೆಯಲ್ಲಿ ಅಕ್ಕನದು ಬೇರೆಯೇ ದೂರು. "ಒಲೆ ಆರಿಸಿದ್ಯಾ, ಗ್ಯಾಸ್ ಮುಚ್ಚಿದ್ಯಾ ಅಂತ ಮಲಗೋ ತನಕ ಪ್ರಾಣ ತಿಂತಾರೆ ಕಣೋ. ಇವರ ಅಮ್ಮನೂ ನನ್ನ ಇಷ್ಟು ಕಾಡ್ಲಿಲ್ಲ" ಎಂದಳು.

ಅದೇ ಚಳಿಗಾಲದಲ್ಲಿ ಸೊಸೆಗೆ ತಲೆನೋವು ಅಂಟಿಕೊಂಡಿತು. ಅವಳು ಊರಾಚೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಗಂಡನಿಗೆ ಪಾಳಿಯ ಕೆಲಸ. ಹಾಗಾಗಿ ಮಗುವನ್ನು ಹಿಂದಿನ ಸೀಟಿನಲ್ಲಿ ಕಟ್ಟಿಕೊಂಡು ತಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ಭಾವ ತಾವೇ ವರ್ಷಗಟ್ಟಲೆ ಓಡಿಸಿ, ಮದುವೆಯಾದ ಮೇಲೆ ಅವಳಿಗೆ ಕೊಟ್ಟ ಹಳೆಯ ಕಾರು ಅದು. ಮಗುವಿಗೂ ಕಾರು ಹತ್ತಿದರೆ ವಾಂತಿ. ನಿದ್ದೆಗೆಟ್ಟಿದ್ದಕ್ಕೆ ಎಂದು ಗಂಡ, ಹೊತ್ತಿಗೆ ಸರಿಯಾಗಿ ತಿನ್ನದ್ದಕ್ಕೆ ಎಂದು ಅಕ್ಕ, ಕನ್ನಡಕ ಬೇಕಾಗಿದೆ ಎಂದು ನಾನು. ತಲೆಗೊಂದು ಮಾತು.

ಒಂದು ಸಂಜೆ ಅವಳು ಶಾಲೆಯಿಂದ ನೇರವಾಗಿ ಗ್ಯಾರೇಜಿಗೆ ಬಂದಳು. ಹಳದಿ ದೀಪ ಹತ್ತಿದೆ, ಗಾಡಿ ಪೆಟ್ರೋಲು ವಿಪರೀತ ಕುಡಿಯುತ್ತಿದೆ, ಹಿಂದಿನಿಂದ ಕರಿ ಹೊಗೆ. ನಾನು ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದೆ. ಭಾವ ಎಂಜಿನ್ನಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಚ್ಚಿದರು. 'ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ' ಎಂದಿತು ಅದು. ಕೊಳವೆಗೆ ಹಿಡಿದ ಕರವಸ್ತ್ರವೋ ಮಸಿಯಲ್ಲಿ ಅದ್ದಿದ ಹಾಗೆ ಕಪ್ಪು. ಹೊಟ್ಟೆ ಬಿರಿಯ ಉಂಡವನು ಹಸಿವು ಹಸಿವು ಎನ್ನುತ್ತಿದ್ದ ಹಾಗಿತ್ತು. ಹಿಂದಿನ ಭಾವ ಆಗಿದ್ದರೆ ಆ ವೈರುಧ್ಯವನ್ನೇ ಹಿಡಿದು ಗಾಡಿಯ ಜನ್ಮ ಜಾಲಾಡುತ್ತಿದ್ದರು.

"ಅಪ್ಪ, ಒಳಗೆ ಕೂತಾಗ ಸ್ವಲ್ಪ ಹೊಗೆ ವಾಸನೆ ಬರೋ ಹಾಗಿದೆ" ಎಂದಳು ಸೊಸೆ. "ನೀನೊಂದು ಸಲ ನೋಡು."

ಭಾವ ಒಂದು ಕ್ಷಣ ಅವಳ ಮುಖ ನೋಡಿದರು. ಎಲ್ಲರಿಗೂ ಹೇಳಿದ ಹಾಗೆ ನೀನೇ ಮೂಸು ಎಂದು ಅವಳಿಗೆ ಹೇಳುವಂತಿರಲಿಲ್ಲ, ಅವಳು ಹೇಳಿಯೇ ಆಗಿತ್ತು. ಬಾಗಿಲು ತೆಗೆದು ತಲೆ ಒಳಗೆ ಹಾಕಿದರು. ಬಾನೆಟ್ಟಿನ ಮೇಲೆ ಬಗ್ಗಿದರು. ಕಣ್ಣು ಮುಚ್ಚಿ ಎಳೆದುಕೊಂಡರು. ಚಿಕ್ಕಂದಿನಿಂದ ಅವಳು ನೂರು ಸಲ ನೋಡಿದ ಅದೇ ಭಂಗಿ.

"ಏನೂ ಇಲ್ಲ" ಎಂದರು. "ಸೆನ್ಸರ್ ಹೋಗಿದೆ, ಅಷ್ಟೇ."

"ಬೆಳಗ್ಗೆ ತನಕ ಇಟ್ಕೊಳಲ್ವಾ?"

"ಬೇಡ. ನಾಳೆ ನಿನಗೆ ಶಾಲೆಗೆ ಬೇಕಲ್ಲ."

ನಾನೇ ಅಂಗಡಿಯಿಂದ ಹೊಸ ಸೆನ್ಸರ್ ತಂದುಕೊಟ್ಟೆ. ದೀಪ ಆರಿತು. ಮಗಳು ನಿಶ್ಚಿಂತೆಯಿಂದ ಹೊರಟಳು. ಸ್ವಲ್ಪ ದಿನಕ್ಕೆ ದೀಪ ಮತ್ತೆ ಹತ್ತಿತಂತೆ. ಅಪ್ಪ ನೋಡಿ ಆಗಿದೆಯಲ್ಲ ಎಂದು ಅವಳು ಸುಮ್ಮನಿದ್ದಳು.

ಕೊರೆಯುವ ಚಳಿಯ ಒಂದು ಬೆಳಗ್ಗೆ ಸಗಟು ವ್ಯಾಪಾರಿಯ ಕಡೆ ಹೋಗಬೇಕಾಗಿ ನಾನು ಅವಳ ಕಾರು ಹತ್ತಿದೆ. ಗಾಜು ಏರಿಸಿತ್ತು, ಹೀಟರ್ ಹಾಕಿತ್ತು. ಹತ್ತಿದ ತುಸು ಹೊತ್ತಿಗೇ ಗಂಟಲಿಗೆ ಘಾಟು ಬಡಿಯಿತು. ಆಮೇಲೆ ನೆತ್ತಿ ಭಾರವಾಯಿತು. ಸೊಸೆ ಮಾತಾಡುತ್ತಿದ್ದವಳು ಮಾತಿನ ನಡುವೆ ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಳು.

"ಏನಮ್ಮ ಇದು, ಹೊಗೆ ವಾಸನೆ ಇಷ್ಟೊಂದು?"

"ನಿಮಗೂ ಬರ್ತಿದೆಯಾ ಮಾವ?" ಎಂದು ತಿರುಗಿದಳು. ಅವಳ ಮುಖ ಬಿಳುಚಿತ್ತು. "ನನಗೂ ಬರ್ತಿತ್ತು. ಅಪ್ಪ ಇಲ್ಲ ಅಂದ್ಮೇಲೆ ನನ್ನ ಭ್ರಮೆ ಅಂದ್ಕೊಂಡೆ."

ನಾನು ಹಿಂದೆ ತಿರುಗಿ ಮಗುವನ್ನು ನೋಡಿದೆ. ನಿದ್ದೆ ಎಂದುಕೊಂಡಿದ್ದೆ. ಕೆನ್ನೆ ತಟ್ಟಿದೆ, ಎಚ್ಚರಾಗಲಿಲ್ಲ. ಕತ್ತು ಒಂದು ಕಡೆಗೆ ಜೋತಿತ್ತು. ಗಾಡಿ ನಿಲ್ಲಿಸು ಎಂದು ನಾನು ಕಿರುಚಿದ್ದು ನನಗೇ ಕೇಳಿಸಿತು. ಬಾಗಿಲುಗಳನ್ನೆಲ್ಲ ತೆರೆದು, ಮಗುವನ್ನು ಕಿತ್ತುಕೊಂಡು ಹೊರಗೆ ಬಂದು, ರಸ್ತೆ ಬದಿಯಲ್ಲಿ ಅದರ ಬೆನ್ನು ಉಜ್ಜುತ್ತಾ ಏನೇನೋ ಕೂಗುತ್ತಿದ್ದೆ. ಸೊಸೆ ಕಾರಿಗೆ ಒರಗಿಕೊಂಡು ಕುಸಿದಿದ್ದಳು. ಮಗು ಕೊನೆಗೊಮ್ಮೆ ನನ್ನ ಅಂಗಿಯ ಮೇಲೆ ವಾಂತಿ ಮಾಡಿ ಅಳತೊಡಗಿತು. ನನ್ನ ಜನ್ಮದಲ್ಲಿ ಅಷ್ಟು ಇಂಪಾದ ಅಳು ಕೇಳಿಲ್ಲ.

ಹಾದುಹೋಗುತ್ತಿದ್ದ ಒಬ್ಬರು ತಮ್ಮ ಗಾಡಿಯಲ್ಲಿ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದರು. ವೈದ್ಯರು ತಾಯಿಗೂ ಮಗುವಿಗೂ ಆಮ್ಲಜನಕ ಹಿಡಿದರು. ಸಂಜೆಯ ಹೊತ್ತಿಗೆ ಇಬ್ಬರೂ ಚೇತರಿಸಿಕೊಂಡರು. "ಗಾಡಿಯ ಹೊಗೆ ಒಳಗೆ ಬರ್ತಿದೆ. ಇನ್ನೊಂದಿಷ್ಟು ದೂರ ಹೋಗಿದ್ರೆ ಕಷ್ಟ ಇತ್ತು" ಎಂದರು ವೈದ್ಯರು. ಅಕ್ಕ ಅಲ್ಲಿಗೆ ಬಂದ ಮೇಲೆ ನಾನು ನೆಟ್ಟಗೆ ಗ್ಯಾರೇಜಿಗೆ ಹೋದೆ. ಸುದ್ದಿ ಆಗಲೇ ಮುಟ್ಟಿತ್ತು. ಭಾವ ಆಸ್ಪತ್ರೆಗೂ ಬಾರದೆ, ಮುರುಕು ಸ್ಟೂಲಿನ ಮೇಲೆ ಕೂತಿದ್ದರು.

ನಾನು ಕೋಪದಲ್ಲಿ ಏನು ಹೇಳಿದೆನೋ ಎಲ್ಲ ನೆನಪಿಲ್ಲ. ಅಕ್ಕನ ಗಂಡ ಎಂಬ ಮರ್ಯಾದೆಯನ್ನು ಗಾಳಿಗೆ ತೂರಿದೆ. "ಕುರುಡನಿಗೂ ಗೊತ್ತಾಗೋ ಹಾಗೆ ನಾತ ಹೊಡೀತಿತ್ತು ಭಾವ! ಅವತ್ತು ಬಗ್ಗಿ ಮೂಸಿ ಏನೂ ಇಲ್ಲ ಅಂದ್ರಲ್ಲ, ಎಲ್ಲಿತ್ತು ನಿಮ್ಮ ಮೂಗು?"

ಭಾವ ಪೆಟ್ರೋಲಿನ ಡಬ್ಬಿಗೆ ಒಂದು ಬಟ್ಟೆ ಅದ್ದಿದರು. ಎದ್ದು ಬಂದು ನನ್ನ ಮುಂದೆ ಅದನ್ನು ತಮ್ಮ ಮೂಗಿಗೆ ಒತ್ತಿಕೊಂಡರು. ಎದುರಿಗೆ ನಿಂತ ನನ್ನ ಕಣ್ಣಲ್ಲೇ ನೀರು ಬಂತು. ಅವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಇದು ನೀರೋ ಪೆಟ್ರೋಲೋ ನನಗೆ ಗೊತ್ತಾಗಲ್ಲ ಕಣಯ್ಯಾ. ಜ್ವರ ಬಂದು ಹೋದಾಗಿಂದ."

"ಯಾರಿಗೂ ಹೇಳ್ಲಿಲ್ವಾ? ಅಕ್ಕನಿಗೂ?"

"ಏನಂತ ಹೇಳ್ಲಿ? ಹೊಗೆ ಮೇಸ್ತ್ರಿಗೆ ಮೂಗಿಲ್ಲ ಅಂತ ಹೇಳ್ಲಾ? ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಅಂತ ಕಾದೆ." ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರು. "ಮಗು ನೆತ್ತಿ ಹಾಲು ಹಾಲು ವಾಸನೆ ಅಂತ ನಿಮ್ಮಕ್ಕ ಯಾವಾಗಲೂ ಹೇಳ್ತಾಳೆ. ನಾನೂ ದಿನಾ ಮೂಸ್ತೀನಿ. ಹೌದು ಹೌದು ಅಂತೀನಿ."

ನನ್ನ ಕೋಪ ಇಳಿದುಹೋಯಿತು ಎಂದರೆ ಸುಳ್ಳು. ಕೋಪ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಅಳುವೂ ಬಂದು ಕೂತಿತು. ಒಡೆದ ಹಾಲಿನ ಚಹಾ, ಒಲೆಯ ಕಾಟ, ನನ್ನ ಅಂಗಡಿಯಿಂದ ಹೋದ ಸೆನ್ಸರುಗಳು ಎಲ್ಲ ಒಟ್ಟಿಗೆ ಅರ್ಥವಾದವು.

ಕಾರನ್ನು ಕಟ್ಟಿ ಎಳೆಸಿ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದೆವು. ಈ ಸಲ ಭಾವ ತಮ್ಮ ಕಟ್ಟುನಿಟ್ಟು ಬಿಡಲಿಲ್ಲ. ಬೆಳಗ್ಗೆ ತಣ್ಣಗಿದ್ದ ಎಂಜಿನ್ನನ್ನು ನಾನು ಶುರು ಮಾಡಿದೆ. ಅವರು ಬಾನೆಟ್ಟಿನೊಳಗೆ ಕಿವಿ ಇಟ್ಟರು. ಟಿಕ್ ಟಿಕ್ ಎಂದು ಸಣ್ಣ ಸದ್ದು, ಹಲ್ಲಿ ಲೊಚಗುಟ್ಟಿದ ಹಾಗೆ. ಎಂಜಿನ್ ಬಿಸಿಯಾಗುತ್ತ ಬಂದ ಹಾಗೆ ಸದ್ದು ಕರಗಿತು. ಆರಿಸಿ, ತಣಿಸಿ, ಮೇಲಿನ ತಗಡಿನ ಮುಚ್ಚಳ ಬಿಚ್ಚಿದರೆ, ಎಂಜಿನ್ನಿನಿಂದ ಹೊಗೆ ಹೊರಬರುವ ಬೀಡುಕಬ್ಬಿಣದ ಕವಲಿನಲ್ಲಿ ಕೂದಲೆಳೆಯಂಥ ಬಿರುಕು, ಸುತ್ತ ಮಸಿ. ಸೆನ್ಸರ್ ಕೂರುವ ಜಾಗಕ್ಕಿಂತ ಮುಂಚೆಯೇ ಇತ್ತು ಅದು. ಎಂಜಿನ್ನಿನ ಎರಡು ಬಡಿತಗಳ ನಡುವೆ ಬಿರುಕಿನಿಂದ ಹೊರಗಿನ ಗಾಳಿ ಒಳನುಗ್ಗಿ ಹೊಗೆಗೆ ಬೆರೆಯುತ್ತಿತ್ತು. ಬಡಪಾಯಿ ಸೆನ್ಸರ್ ಕಂಡದ್ದನ್ನು ಕಂಡ ಹಾಗೇ ಹೇಳುತ್ತಿತ್ತು, ಗಾಳಿ ಜಾಸ್ತಿ ಎಂದು. ಅದನ್ನು ನಂಬಿ ಕಂಪ್ಯೂಟರು ಪೆಟ್ರೋಲು ಸುರಿಯುತ್ತಿತ್ತು. ಪ್ರತಿ ಬಡಿತಕ್ಕೂ ಅದೇ ಬಿರುಕಿನಿಂದ ಹೊರಬಿದ್ದ ಹೊಗೆ, ಎಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನಲ್ಲಿ ಕೇಬಲ್ ಹಾದುಹೋಗುವ ತೂತಿನ ರಬ್ಬರು ಪುಡಿಯಾಗಿದ್ದರಿಂದ, ಸಲೀಸಾಗಿ ಕಾರಿನೊಳಗೆ ಹೋಗುತ್ತಿತ್ತು.

ಭಾವ ಹಳೆಯ ಸೆನ್ಸರನ್ನು ಕಸದ ಡಬ್ಬಿಯಿಂದ ಹುಡುಕಿ ತೆಗೆದು ಹಾಕಿ ನೋಡಿದರು. ಅದು ಸರಿಯಾಗಿಯೇ ಇತ್ತು.

ಕವಲನ್ನು ಬದಲಾಯಿಸಿ, ತೂತಿಗೆ ಹೊಸ ರಬ್ಬರು ಹಾಕಿದೆವು. ಸೋಪಿನ ನೀರು ಸುರಿದು ಗುಳ್ಳೆ ಏಳುತ್ತದೆಯೋ ನೋಡಿದೆವು. ನನ್ನ ಮೂಗನ್ನು ಅವರು ಎಲ್ಲೆಲ್ಲಿಗೋ ಕಳಿಸಿದರು. ಜನ್ಮದಲ್ಲಿ ಅಷ್ಟು ಕಡೆ ನಾನು ಮೂಗು ತೂರಿಸಿಲ್ಲ. ಗಾಡಿ ಸರಿಯಾಯಿತು. ನಾನು ಹೇಳಿದೆ, "ಭಾವ, ಆದದ್ದು ಆಯ್ತು. ಕೆಲಸ ಮುಗೀತಲ್ಲ, ಅವಳಿಗೆ ಹೇಳೋದ್ಯಾಕೆ? ಬಿಸಿ ಇತ್ತು, ಆಗ ಗೊತ್ತಾಗ್ಲಿಲ್ಲ ಅಂದ್ರಾಯ್ತು. ಅದೂ ಅರ್ಧ ನಿಜಾನೇ."

ಅವರು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿಡತೊಡಗಿದರು. ಆ ಅರ್ಧ ನಿಜದ ಆಸೆ ಅವರಿಗೂ ಇತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಸೊಸೆ ಕಾರು ಒಯ್ಯಲು ಬಂದಳು. ಮಗುವನ್ನು ತಾತ ಎತ್ತಿಕೊಂಡರು. ನಾನು ಎಂಜಿನ್ ಶುರು ಮಾಡಿದೆ. ಅವಳು ಕಾರಿನ ಬಾಗಿಲು ತೆಗೆದು, ಒಳಗೆ ಕಾಲಿಡದೆ, ತಂದೆಯ ಕಡೆ ತಿರುಗಿದಳು.

"ಅಪ್ಪ, ನೀನೊಂದು ಸಲ ಮೂಸಿ ಹೇಳು. ನೀನು ಹೇಳಿದ್ರೆ ನನಗೆ ಧೈರ್ಯ."

ಭಾವ ನನ್ನನ್ನು ನೋಡಿದರು. ನಾನು ಕಣ್ಣಲ್ಲೇ ಹೂಂ ಎಂದೆ. ಬಗ್ಗುವುದು, ಕಣ್ಣು ಮುಚ್ಚುವುದು, ಏನೂ ಇಲ್ಲ ಎನ್ನುವುದು. ಈ ಸಲ ಅದು ನಿಜವೂ ಆಗಿತ್ತು.

"ನನಗೆ ವಾಸನೆ ಬರಲ್ಲ ಮಗಳೇ" ಎಂದರು ಭಾವ. "ಜ್ವರದಲ್ಲಿ ಹೋಯ್ತು. ಅವತ್ತೂ ಬರ್ಲಿಲ್ಲ."

ಅವಳು ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ನಗು ಮುಖದಲ್ಲೇ ನಿಂತಿತು.

"ಅವತ್ತು ನೀನು ಬಗ್ಗಿ ಮೂಸಿದೆ."

"ಹೌದು."

"ಮೂಸಿ, ಏನೂ ಇಲ್ಲ ಅಂದೆ."

"ಹೌದಮ್ಮ."

"ನನಗೆ ಬರ್ತಿತ್ತಪ್ಪ. ದಿನಾ ಬರ್ತಿತ್ತು. ನೀನು ಇಲ್ಲ ಅಂದೆ ಅಂತ ನಾನು ನನ್ನ ಮೂಗನ್ನೇ ನಂಬ್ಲಿಲ್ಲ. ಹಿಂದಿನ ಸೀಟಲ್ಲಿ ಇವಳು ವಾಂತಿ ಮಾಡ್ತಿದ್ರೂ ನಂಬ್ಲಿಲ್ಲ."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಮುಂದೆ ಬಂದು ತಂದೆಯ ತೋಳಿನಿಂದ ಮಗುವನ್ನು ತೆಗೆದುಕೊಂಡಳು. ಮಗು ಅವರ ಅಂಗಿಯ ಗುಂಡಿ ಹಿಡಿದುಕೊಂಡಿತ್ತು, ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೀಲಿಯನ್ನು ಮುಟ್ಟಲಿಲ್ಲ. ಬಸ್ ನಿಲ್ದಾಣದ ಕಡೆ ನಡೆದುಹೋದಳು. ಭಾವ ಎಂಜಿನ್ ಆರಿಸುವುದನ್ನೂ ಮರೆತು ನಿಂತಿದ್ದರು, ನಾನೇ ಹೋಗಿ ಆರಿಸಿದೆ.

ಅಕ್ಕ ಎರಡು ಹೊತ್ತು ಮಾತು ಬಿಟ್ಟಳು, ಆಮೇಲೆ ಎಲ್ಲ ಹೊತ್ತೂ ಬೈದಳು. ಭಾವ ಬಂದ ಗಿರಾಕಿಗಳಿಗೆಲ್ಲ ಮೊದಲ ಮಾತಿಗೇ ಹೇಳತೊಡಗಿದರು, "ನನಗೆ ಮೂಗಿಲ್ಲ. ಕಿವಿ ಇದೆ, ಕೈ ಇದೆ. ಬೇಕಾದ್ರೆ ಗಾಡಿ ಬಿಡಿ." ಕೆಲವರು ಬಿಟ್ಟರು, ಕೆಲವರು ಹಿಂದೆ ತಿರುಗಿಸಿಕೊಂಡು ಹೋದರು. ಸೊಸೆಯ ಕಾರು ಮಾಡಿನ ಕೆಳಗೆ ಧೂಳು ಹಿಡಿಯುತ್ತಾ ನಿಂತೇ ಇತ್ತು. ಬೆಳಗ್ಗೆ ಬಂದ ಕೂಡಲೇ ಭಾವ ಅದನ್ನು ಒಮ್ಮೆ ಶುರು ಮಾಡಿ ಕಿವಿಗೊಟ್ಟು ಆರಿಸುತ್ತಿದ್ದರು.

ಚಳಿ ಇನ್ನೂ ಇಳಿದಿರಲಿಲ್ಲ. ಒಂದು ಬೆಳಗ್ಗೆ ಅವಳು ಅಕ್ಕನ ಜೊತೆ ಬಂದಳು. ಮಗುವನ್ನು ಅಕ್ಕನ ಕೈಗೆ ಕೊಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಾನೇ ಎಂಜಿನ್ ಶುರು ಮಾಡಿದಳು. ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಎದ್ದು ಬಾನೆಟ್ಟಿನ ಮೇಲೆ ಬಗ್ಗಿದಳು. ಆಮೇಲೆ ಒಳಗೆ ಕೂತು, ಗಾಜು ಏರಿಸಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಉಸಿರೆಳೆದಳು. ಅಷ್ಟು ಹೊತ್ತೂ ತಂದೆಯ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಭಾವ ಸ್ಪ್ಯಾನರ್ ಹಿಡಿದುಕೊಂಡು, ಪರೀಕ್ಷೆ ಬರೆದ ಮಗುವಿನ ಹಾಗೆ ಗೋಡೆಗೆ ಒತ್ತಿಕೊಂಡು ನಿಂತಿದ್ದರು.

ಅವಳು ಬಾಗಿಲು ತೆಗೆದಳು. "ಏನೂ ಇಲ್ಲ" ಎಂದಳು.

"ಸರಿಯಾಗಿ ನೋಡಿದ್ಯಾ?" ಎಂದರು ಭಾವ.

"ನೋಡಿದೆ ಅಪ್ಪ."

ಮಗುವಿಗೆ ಟೊಪ್ಪಿ ಹಾಕಿ, ಶಾಲು ಸುತ್ತಿ, ಹಿಂದಿನ ಸೀಟಿಗೆ ಕಟ್ಟಿದಳು. ಆಮೇಲೆ ಒಂದೊಂದೇ ಗಾಜನ್ನು ಪೂರ್ತಿ ಕೆಳಗಿಳಿಸಿದಳು, ನಾಲ್ಕನ್ನೂ. ಆ ಕೊರೆಯುವ ಗಾಳಿಯಲ್ಲಿ ಹಾಗೇ ಹೊರಟಳು. ಮಗುವಿಗೆ ಶೀತ ಆಗುತ್ತೆ ಕಣೇ ಎಂದು ಅಕ್ಕ ಹಿಂದಿನಿಂದ ಕೂಗಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ.

ಆಮೇಲೆ ಅವಳು ಮನೆಗೆ ಬಂದಳು, ಹೋದಳು. ತಂದೆಯ ಜೊತೆ ಮಾತೂ ಆಡಿದಳು. ಮಗು ಮತ್ತೆ ತಾತನ ಅಂಗಿಯ ಗುಂಡಿ ಹಿಡಿಯಿತು. ಆದರೆ ಆ ಕಾರು ನಮ್ಮ ಬೀದಿಯಲ್ಲಿ ಹಾದುಹೋಗುವಾಗಲೆಲ್ಲ ಭಾವ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು ಮೊದಲು ನೋಡುವುದು ಅದರ ಗಾಜುಗಳನ್ನೇ. ಚಳಿಗಾಲ ಮುಗಿಯುವವರೆಗೂ ಅವು ಮೇಲೇರಲಿಲ್ಲ.